ನವಾಹೊ ಬೆಳ್ಳಿ ಒಡವೆಯ ಹಿಂಬದಿ ಓದುವುದು ಹೇಗೆ: ಮುದ್ರೆ, ಲೋಹ ಮತ್ತು ಕೆಲಸಗಾರನ ಬದುಕು

ಅಮೆರಿಕದ ನೈಋತ್ಯದಲ್ಲಿ ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ರಾಜ್ಯಗಳಿಗೆ ಹರಡಿಕೊಂಡಿರುವುದು ನವಾಹೊ ನಾಡು. ತಮ್ಮನ್ನು ಡಿನೆ ಎಂದು ಕರೆದುಕೊಳ್ಳುವ ಇಲ್ಲಿನ ಜನರ ಬೆಳ್ಳಿ ಕಡಗ, ಉಂಗುರ, ಕಾಂಚೋ ಎಂಬ ಬೆಳ್ಳಿ ಬಿಲ್ಲೆಗಳ ಸೊಂಟಪಟ್ಟಿಗಳಿಗೆ ಜಗತ್ತಿನಾದ್ಯಂತ ಬೇಡಿಕೆಯಿದೆ. ಗ್ರ್ಯಾಂಡ್ ಕ್ಯಾನ್ಯನ್ ನೋಡಲು ಹೋದ ನಮ್ಮವರೂ ರಸ್ತೆಬದಿಯ ಮೇಜುಗಳಿಂದ ಒಂದೆರಡು ಕೊಂಡು ತರುತ್ತಾರೆ. ಮನೆಗೆ ಬಂದ ಮೇಲೆ ಹಿಂಬದಿಯಲ್ಲಿ ಎರಡು ಅಕ್ಷರ ಕಾಣುತ್ತದೆ, ಫೋನಿನಲ್ಲಿ ಹುಡುಕುತ್ತಾರೆ, ಮೊದಲು ಸಿಕ್ಕ ಹೆಸರನ್ನೇ ನಂಬಿಬಿಡುತ್ತಾರೆ. ಎಡವುವುದು ಅಲ್ಲೇ. ಎರಡು ಅಕ್ಷರದ ಉಕ್ಕಿನ ಅಚ್ಚನ್ನು ಯಾರು ಬೇಕಾದರೂ ಮಾಡಿಸಬಹುದು. ಲೋಹ, ಬೆಸುಗೆ, ಕಲ್ಲಿನ ಕಟ್ಟು, ಮಾಡಿದ ಕಾಲ, ಮಾಡಿದವರ ವೃತ್ತಿಜೀವನ ಇವೆಲ್ಲದರ ಜೊತೆ ಹೊಂದಿಕೊಂಡಾಗ ಮಾತ್ರ ಮುದ್ರೆಯ ಮಾತಿಗೆ ಬೆಲೆ. ಹಾಗಾಗಿ ಈ ಲೇಖನದಲ್ಲಿ ಮುದ್ರೆಯ ಸರದಿ ನಡುವೆ ಬರುತ್ತದೆ, ಮೊದಲಲ್ಲ.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡಬೇಕು. ನಮ್ಮ ಬಿಐಎಸ್ ಹಾಲ್‌ಮಾರ್ಕ್ ಇದೆ ಎಂದರೆ ಮಾನ್ಯತೆ ಪಡೆದ ಕೇಂದ್ರವೊಂದು ಆ ಒಡವೆಯ ಲೋಹವನ್ನು ಪರೀಕ್ಷಿಸಿದೆ ಎಂದರ್ಥ. ಅಮೆರಿಕದಲ್ಲಿ ಅಂಥ ಸರ್ಕಾರಿ ಪರೀಕ್ಷಾ ವ್ಯವಸ್ಥೆಯೇ ಇಲ್ಲ. ಅಲ್ಲಿ ‘ಸ್ಟರ್ಲಿಂಗ್’ ಎಂಬ ಮುದ್ರೆ, ಇದು 92.5% ಬೆಳ್ಳಿ ಎಂದು ಮಾಡಿದವರು ಅಥವಾ ಮಾರಿದವರು ತಾವೇ ಕೊಟ್ಟ ಮಾತು. ಶುದ್ಧತೆಯ ಬಗ್ಗೆ ಸುಳ್ಳು ಮುದ್ರೆ ಹೊಡೆಯುವುದು 1906ರ ಕಾನೂನಿನ ಪ್ರಕಾರ ಅಪರಾಧ. ಶುದ್ಧತೆ ನಮೂದಿಸಿದರೆ ಪಕ್ಕದಲ್ಲಿ ಹೊಣೆ ಹೊತ್ತವರ ಗುರುತೂ ಇರಬೇಕೆಂದು 1961ರ ತಿದ್ದುಪಡಿ ಹೇಳುತ್ತದೆ. ಆದರೆ ಶುದ್ಧತೆ ನಮೂದಿಸಲೇಬೇಕೆಂಬ ಕಡ್ಡಾಯವಿಲ್ಲ. ಮುದ್ರೆಯಿಲ್ಲದ ಒಡವೆ ಅಪ್ಪಟ ಬೆಳ್ಳಿಯಾಗಿರಬಹುದು. ಮುದ್ರೆಯಿದ್ದೂ ಬೇರೇನೋ ಆಗಿರಬಹುದು.

ಕೈಯಲ್ಲಿ ಇರಬೇಕಾದ್ದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಅಂದರೆ ನಮ್ಮ ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ. ಸಣ್ಣ ಎಲ್‌ಇಡಿ ಟಾರ್ಚ್. 0.01 ಗ್ರಾಂ ತೋರಿಸುವ ತಕ್ಕಡಿ, 0.1 ಗ್ರಾಂನದು ಸಾಂದ್ರತೆ ಲೆಕ್ಕಕ್ಕೆ ಒರಟಾಯಿತು. ವರ್ನಿಯರ್ ಕ್ಯಾಲಿಪರ್, ಮಿಲಿಮೀಟರ್ ಗುರುತಿನ ಅಳತೆಪಟ್ಟಿ, ಬಲವಾದ ಆಯಸ್ಕಾಂತ, ತೆಳು ಬಟರ್ ಪೇಪರ್, 4ಬಿ ಪೆನ್ಸಿಲ್, ಮೆತ್ತನೆಯ ಹತ್ತಿ ಬಟ್ಟೆ. ಇಷ್ಟು ಸಾಕು.

ಪಟ್ಟಿಯಲ್ಲಿ ಬೆಳ್ಳಿ ಉಜ್ಜುವ ಯಾವ ವಸ್ತುವೂ ಇಲ್ಲ. ಬೇಕೆಂದೇ ಬಿಟ್ಟದ್ದು. ನಮ್ಮ ಮನೆಗಳಲ್ಲಿ ಬೆಳ್ಳಿ ಕಪ್ಪಾದರೆ ಹುಣಸೆಹಣ್ಣು, ವಿಭೂತಿ, ಸೀಗೆಪುಡಿ ಹಿಡಿದು ಉಜ್ಜುವ ರೂಢಿಯಿದೆ. ದೀಪ, ತಟ್ಟೆಗಳಿಗೆ ಅದು ಸರಿ. ನವಾಹೊ ಒಡವೆಗೆ ಖಂಡಿತ ಬೇಡ. ಇಲ್ಲಿನ ಮುಖ್ಯ ಕಲ್ಲು ಟರ್ಕಾಯ್ಸ್, ನಮ್ಮ ರತ್ನದಂಗಡಿಗಳ ಫಿರೋಜಾ. ಅದರ ಮೈತುಂಬ ಸೂಕ್ಷ್ಮ ರಂಧ್ರಗಳಿವೆ. ಹುಳಿ, ಎಣ್ಣೆ, ಸೋಪಿನ ನೀರು ಹೀರಿಕೊಂಡು ಬಣ್ಣಗೆಡುತ್ತದೆ. ಹವಳ, ಕಪ್ಪೆಚಿಪ್ಪುಗಳನ್ನು ಹುಳಿ ನೇರವಾಗಿ ತಿನ್ನುತ್ತದೆ. ಅದ್ದಿ ತೆಗೆಯುವ ಸಿಲ್ವರ್ ಡಿಪ್ ದ್ರಾವಣ, ಅಲ್ಟ್ರಾಸಾನಿಕ್ ಯಂತ್ರ ಎರಡೂ ಹಾನಿಯೇ. ಜೊತೆಗೆ, ಗೀರುಗಳ ತಳದಲ್ಲಿ ಕೂತ ಕಪ್ಪೇ ಮುದ್ರೆಯ ವಯಸ್ಸು ಹೇಳುವ ಸಾಕ್ಷಿ. ಅದನ್ನು ಉಜ್ಜಿ ತೆಗೆದರೆ ಮುಂದಿನ ಅರ್ಧ ಪರೀಕ್ಷೆಗೆ ಆಧಾರವೇ ಇರುವುದಿಲ್ಲ. ಬಟ್ಟೆಯನ್ನು ತುಸು ಒದ್ದೆ ಮಾಡಿ ಧೂಳು ಒರೆಸಿ, ಕೂಡಲೇ ಒಣ ಬಟ್ಟೆಯಿಂದ ತಟ್ಟಿ. ಅಷ್ಟಕ್ಕೇ ನಿಲ್ಲಿಸಿ.

ಹೆಜ್ಜೆ 1: ಲೋಹ

ಮೊದಲು ಆಯಸ್ಕಾಂತ. ಬೆಳ್ಳಿ ಅಂಟುವುದಿಲ್ಲ. ಆದರೆ ಅಂಟಲಿಲ್ಲ ಎಂದಮಾತ್ರಕ್ಕೆ ಬೆಳ್ಳಿ ಎನ್ನುವ ಹಾಗಿಲ್ಲ: ಹಿತ್ತಾಳೆಯೂ ಅಂಟುವುದಿಲ್ಲ, ತಾಮ್ರ-ನಿಕಲ್-ಸತುವಿನ ಜರ್ಮನ್ ಸಿಲ್ವರ್ ಕೂಡ ಸಾಮಾನ್ಯವಾಗಿ ಅಂಟುವುದಿಲ್ಲ. ಒಳಗೆ ಉಕ್ಕಿದ್ದರೆ ಮಾತ್ರ ಈ ಪರೀಕ್ಷೆಯಿಂದ ತಿಳಿಯುತ್ತದೆ. ಬೋಲೊ ಟೈ, ಅಂದರೆ ಬಿಲ್ಲೆಯಿಂದ ಬಿಗಿಯುವ ಹುರಿಯ ಟೈಯ ಹಿಂದಿನ ಕ್ಲಿಪ್ಪಿನಲ್ಲೋ ಕೊಕ್ಕೆಯ ಸ್ಪ್ರಿಂಗಿನಲ್ಲೋ ಉಕ್ಕಿರುವುದು ಸಹಜ, ಅದಕ್ಕೆ ಗಾಬರಿ ಬೇಡ.

ಕಲ್ಲಿಲ್ಲದ ಒಡವೆಯಾದರೆ ಸಾಂದ್ರತೆ ನೋಡಿ. ಒಡವೆಯನ್ನು ಒಣಗಿದ್ದಾಗ ತೂಗಿ ಬರೆದುಕೊಳ್ಳಿ. ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ತೆಳು ದಾರದಲ್ಲಿ ಒಡವೆಯನ್ನು ಕಟ್ಟಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಳಕ್ಕೂ ಗೋಡೆಗೂ ತಾಗಬಾರದು. ಆಗ ಕಾಣುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. ಉದಾಹರಣೆಗೆ 42.00 ಗ್ರಾಂ ಕಡಗ ಮುಳುಗಿದಾಗ 4.07 ತೋರಿಸಿದರೆ ಸಾಂದ್ರತೆ 10.32. ಸ್ಟರ್ಲಿಂಗ್ ಬೆಳ್ಳಿಯದು 10.36ರ ಆಸುಪಾಸು, 90% ನಾಣ್ಯಬೆಳ್ಳಿಯದು 10.3ರ ಹತ್ತಿರ. ಅದೇ ತೂಕದ ಜರ್ಮನ್ ಸಿಲ್ವರ್ ಕಡಗವಾದರೆ ತಕ್ಕಡಿ 4.8ರ ಮೇಲೆ ಹೋಗುತ್ತದೆ, ಸಾಂದ್ರತೆ 8.7ರ ಸುತ್ತ ಬರುತ್ತದೆ. ಬೆಳ್ಳಿಯೋ ಅಲ್ಲವೋ ಎಂಬುದನ್ನು ಈ ವಿಧಾನ ಚೆನ್ನಾಗಿ ಹೇಳುತ್ತದೆ. 92.5% ಮತ್ತು 90%ರ ನಡುವಿನ ವ್ಯತ್ಯಾಸ ಮಾತ್ರ ಮನೆಯ ತಕ್ಕಡಿಗೆ ನಿಲುಕುವುದಿಲ್ಲ. ಲೆಕ್ಕ ತಪ್ಪಿಸುವುದು ಮುಖ್ಯವಾಗಿ ಒಡವೆಗೆ ಅಂಟಿದ ಗಾಳಿಗುಳ್ಳೆಗಳು: ಅವು ಸಾಂದ್ರತೆಯನ್ನು ಕಡಿಮೆ ತೋರಿಸುತ್ತವೆ. ನೀರಲ್ಲಿ ಮೆಲ್ಲಗೆ ಅಲುಗಿಸಿ ಗುಳ್ಳೆ ಬಿಡಿಸಿ. ಟೊಳ್ಳು ಮಣಿಗಳ ಸರಕ್ಕೆ ಈ ವಿಧಾನ ಆಗದು.

ಕಲ್ಲಿರುವ ಒಡವೆಯನ್ನು ಯಾವ ಕಾರಣಕ್ಕೂ ಮುಳುಗಿಸಬೇಡಿ. ಕಲ್ಲು ಎತ್ತರಕ್ಕೆ ಕೂರಲೆಂದು ಅದರ ಅಡಿಗೆ ಮರದ ಹೊಟ್ಟು ಅಥವಾ ರಟ್ಟು ತುಂಬುವ ಪದ್ಧತಿ ಇತ್ತು. ನೀರು ಒಳಗೆ ಹೋದರೆ ಅದು ಉಬ್ಬಿ ಕಲ್ಲನ್ನು ಮೇಲೆತ್ತುತ್ತದೆ, ಒಮ್ಮೊಮ್ಮೆ ಸೀಳಿಬಿಡುತ್ತದೆ. ಇಂಥದ್ದಕ್ಕೆ ಎಕ್ಸ್‌ಆರ್‌ಎಫ್, ಅಂದರೆ ಕ್ಷ-ಕಿರಣ ಬಿಟ್ಟು ಲೋಹದಲ್ಲಿ ಏನೇನು ಎಷ್ಟಿದೆ ಎಂದು ಅಳೆಯುವ ಯಂತ್ರವೇ ಸರಿ. ನಮ್ಮ ಊರುಗಳ ಹಾಲ್‌ಮಾರ್ಕಿಂಗ್ ಕೇಂದ್ರಗಳಲ್ಲಿ ಆ ಯಂತ್ರವಿದೆ. ಬೆಸುಗೆಯಿಂದ ದೂರವಿರುವ ಮೂರು ಜಾಗಗಳಲ್ಲಿ ಅಳೆಯಲು ಹೇಳಿ. ಬೆಸುಗೆಯಲ್ಲಿ ಬೆಳ್ಳಿಯ ಅಂಶ ಕಡಿಮೆ, ಅದರ ಮೇಲೆ ಹಿಡಿದರೆ ಒಳ್ಳೆಯ ಒಡವೆಯೂ ಕಳಪೆಯಂತೆ ಕಾಣುತ್ತದೆ. ಎಕ್ಸ್‌ಆರ್‌ಎಫ್ ಓದುವುದು ಮೇಲ್ಪದರವನ್ನಷ್ಟೇ. ಗಟ್ಟಿ ಲೇಪವಿರುವ ಅನುಮಾನವಿದ್ದರೆ ಸವೆದ ಅಂಚಿನಲ್ಲಿ ಅಳೆಸಿ. ಒರೆಗಲ್ಲು, ಆಸಿಡ್ ಬೇಡ. ಆಗುವ ಗಾಯ ಶಾಶ್ವತ.

ಬಂದ ಅಂಕಿಯನ್ನು ಕಾಲದ ಜೊತೆ ಇಟ್ಟು ನೋಡಿ. ನವಾಹೊ ಕೆಲಸಗಾರರು ಮೊದಲು ಕರಗಿಸಿದ್ದು ಅಮೆರಿಕದ 90% ಬೆಳ್ಳಿಯ ನಾಣ್ಯಗಳನ್ನು. 1890ರ ಸುಮಾರಿಗೆ ಅದಕ್ಕೆ ಸರ್ಕಾರದ ತಡೆ ಬಿಗಿಯಾದಾಗ 90%ಕ್ಕಿಂತ ಕೂದಲೆಳೆಯಷ್ಟು ಹೆಚ್ಚಿನ ಮೆಕ್ಸಿಕನ್ ಪೆಸೊಗಳತ್ತ ಹೊರಳಿದರು. ಸಂಸ್ಕರಣಾ ಕಂಪನಿಗಳ ಸ್ಟರ್ಲಿಂಗ್ ತಗಡು, ತಂತಿ ವ್ಯಾಪಕವಾದದ್ದು 1930ರ ದಶಕದಿಂದೀಚೆಗೆ. ಆದ್ದರಿಂದ ಹಳೆಯ ಒಡವೆ 90% ತೋರಿಸಿದರೆ ಅದು ಕೊರತೆಯಲ್ಲ. ‘1910ರದ್ದು’ ಎಂದು ಮಾರುತ್ತಿರುವ ಕಡಗದ ಮೇಲೆ ‘925’ ಎಂಬ ಅಂಕಿ ಕಂಡರೆ ಮಾತ್ರ ಕೈ ಹಿಂದೆಗೆಯಿರಿ.

ಹೆಜ್ಜೆ 2: ಕೆಲಸದ ಕೈ

ಒಡವೆಯನ್ನು ಮಗುಚಿ. ಮುಂಬದಿ ಕೊಳ್ಳುವವರನ್ನು ಮೆಚ್ಚಿಸಲು ಮಾಡಿದ್ದು. ಹಿಂಬದಿಯಲ್ಲಿ ಕೆಲಸ ನಡೆದ ರೀತಿ ಉಳಿದಿರುತ್ತದೆ.

ಬೆಳ್ಳಿ ಗಟ್ಟಿಯನ್ನು ಸುತ್ತಿಗೆಯಿಂದ ಬಡಿದು ಮಾಡಿದ ಕಡಗದ ದಪ್ಪ ಎಲ್ಲೆಡೆ ಒಂದೇ ಇರುವುದಿಲ್ಲ. ಕ್ಯಾಲಿಪರ್ ಹಿಡಿದು ಐದಾರು ಕಡೆ ಅಳೆದರೆ ಏರಿಳಿತ ಸಿಗುತ್ತದೆ. ಕಂಪನಿಯ ತಗಡಿನಿಂದ ಕತ್ತರಿಸಿದ್ದು ಎಲ್ಲೆಡೆ ಸಮ. ತಗಡು ಬಳಸಿದ್ದು ಮೋಸವಲ್ಲ, ಇಂದಿನ ಬಹುಪಾಲು ಒಳ್ಳೆಯ ಕೆಲಸ ತಗಡಿನಲ್ಲೇ ಆಗುತ್ತದೆ. ಕಾಲ ನಿರ್ಣಯಕ್ಕೆ ಮಾತ್ರ ಈ ಅಳತೆ ಬೇಕು.

ಅಲಂಕಾರದ ಅಚ್ಚುಗಳನ್ನು ನೋಡಿ. ನವಾಹೊ ಕೆಲಸಗಾರರು ಹಳೆಯ ಅರ, ಉಳಿ, ಉಕ್ಕಿನ ತುಂಡುಗಳ ತುದಿಯನ್ನು ಅರದಿಂದ ತೀಡಿ ತಮ್ಮ ಅಚ್ಚುಗಳನ್ನು ತಾವೇ ಮಾಡಿಕೊಂಡರು. ಒಂದೊಂದನ್ನೂ ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುವುದರಿಂದ ಸಾಲಿನಲ್ಲಿ ಅಂತರ ತುಸು ಹೆಚ್ಚುಕಡಿಮೆ, ಒಂದು ಆಳ, ಪಕ್ಕದ್ದು ತೇಲು, ಇನ್ನೊಂದು ಓರೆ. ಲೂಪಿನಲ್ಲಿ ಗುರುತಿನ ಅಂಚಿನ ಲೋಹ ಪಕ್ಕಕ್ಕೆ ತಳ್ಳಿಸಿಕೊಂಡು ಸಣ್ಣಗೆ ಉಬ್ಬಿರುವುದು ಕಾಣುತ್ತದೆ. ಯಂತ್ರದ ಪ್ರೆಸ್ಸಿನಲ್ಲಿ ಒಂದೇ ಏಟಿಗೆ ಮೂಡಿದ ವಿನ್ಯಾಸದಲ್ಲಿ ಎಲ್ಲ ಗುರುತುಗಳ ಆಳವೂ ಒಂದೇ, ಎಡ-ಬಲ ಕನ್ನಡಿಯಷ್ಟು ಸಮ. ಎರಕ ಹೊಯ್ದ ನಕಲಿನಲ್ಲಿ ಅಂಚುಗಳು ಮೊಂಡಾಗಿ, ಗುಂಡಿಗಳ ತಳದಲ್ಲಿ ಸಣ್ಣ ಸಣ್ಣ ರಂಧ್ರಗಳು ಕಾಣುತ್ತವೆ. ನವಾಹೊಗಳಲ್ಲೂ ಮೆತ್ತನೆಯ ಟೂಫಾ ಕಲ್ಲಿನಲ್ಲಿ ಅಚ್ಚು ಕೊರೆದು ಎರಕ ಹೊಯ್ಯುವ ಪರಂಪರೆಯಿದೆ. ಆ ಎರಕದ ಮೈಯಲ್ಲಿ ಕಲ್ಲಿನದೇ ಒರಟು ನೇಯ್ಗೆ ಉಳಿಯುತ್ತದೆ, ಅದರ ಮೇಲೆ ಅರದ ಗೀರುಗಳೂ ಇರುತ್ತವೆ. ಆ ಎರಕ ವಿನ್ಯಾಸ ಮೂಡಿಸಲು. ಸುತ್ತಿಗೆಯಿಂದ ಹೊಡೆದಂತೆ ಕಾಣುವ ಅಚ್ಚಿನ ಸಾಲೇ ಎರಕದಲ್ಲಿ ಬಂದಿದ್ದರೆ ಅದು ಬೇರೊಂದು ಒಡವೆಯ ಪಡಿಯಚ್ಚು.

ಕಲ್ಲಿನ ಸುತ್ತಲ ತೆಳು ಬೆಳ್ಳಿ ಪಟ್ಟಿ, ಅದರ ಸುತ್ತ ಹುರಿಮಾಡಿದ ತಂತಿ, ಮಳೆಹನಿ ಎಂದು ಕರೆಯುವ ಪುಟ್ಟ ಬೆಳ್ಳಿ ಗುಂಡುಗಳು ಇವೆಲ್ಲ ಬೆಸುಗೆಯಲ್ಲಿ ಕೂತಿರಬೇಕು. ಬುಡದಲ್ಲಿ ಅಂಟಿನ ಹೊಳಪು ಕಂಡರೆ ಆ ಭಾಗ ಆಮೇಲೆ ಸೇರಿದ್ದು. ಮಂಕು ಬೂದು ಬಣ್ಣದ, ಉಗುರಿಗೆ ಮೆತ್ತಗೆನಿಸುವ ಬೆಸುಗೆ ಸೀಸ-ತವರದ್ದು. ಯಾರೋ ಅರೆಬರೆ ರಿಪೇರಿ ಮಾಡಿದ್ದಾರೆ.

ಹೆಜ್ಜೆ 3: ಮುದ್ರೆ ಹುಡುಕುವುದು, ಹೊಡೆದ ಬಗೆ ನೋಡುವುದು

ಕಡಗದಲ್ಲಿ ಒಳಬದಿಯ ನಡುಭಾಗ ಅಥವಾ ತುದಿಗಳ ಸಮೀಪ. ಉಂಗುರದಲ್ಲಿ ಬೆರಳು ಸುತ್ತುವ ಬಳೆಯ ಒಳಮೈ. ಸ್ಕ್ವಾಶ್ ಬ್ಲಾಸಮ್ ಎಂಬ ಹೂವಿನಾಕಾರದ ಮಣಿಗಳ ಸರದಲ್ಲಿ ನಾಹ್ಹಾ ಎಂಬ ಲಾಳದಾಕಾರದ ಪದಕದ ಹಿಂಬದಿ, ಇಲ್ಲವೇ ಕೊಕ್ಕೆಯ ಬಳಿ ತೂಗುವ ಪುಟ್ಟ ಬಿಲ್ಲೆ. ಕಾಂಚೋ ಪಟ್ಟಿಯಲ್ಲಿ ಬಕಲ್ ಹಿಂದೆ, ಕೆಲವೊಮ್ಮೆ ಪ್ರತಿ ಬಿಲ್ಲೆಯ ಹಿಂದೆ. ಬಕಲ್‌ನಲ್ಲಿ ಮುದ್ರೆಯಿದ್ದು ಬಿಲ್ಲೆಗಳ ಅಚ್ಚಿನ ಕೆಲಸ ಬೇರೆ ಕೈಯದೆಂದು ಕಂಡರೆ ಎರಡು ಪಟ್ಟಿ ಬೆರೆತಿರಬಹುದು.

ಟಾರ್ಚನ್ನು ಮೇಲಿಂದ ಹಿಡಿಯಬೇಡಿ. ಬೆಳ್ಳಿ ಹೊಳೆದು ಅಕ್ಷರ ಮುಳುಗುತ್ತದೆ. ಮೇಲ್ಮೈಗೆ ಬಹುತೇಕ ಸಮಾಂತರವಾಗಿ, 15-20 ಡಿಗ್ರಿ ಓರೆಯಲ್ಲಿ ಹಿಡಿದು ನಾಲ್ಕೂ ದಿಕ್ಕಿನಿಂದ ಸುತ್ತಿಸಿ. ಸವೆದ ಮುದ್ರೆಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಬಟರ್ ಪೇಪರ್ ಒತ್ತಿ ಹಿಡಿದು 4ಬಿ ಪೆನ್ಸಿಲನ್ನು ಮಲಗಿಸಿ ಮೃದುವಾಗಿ ತೀಡಿದರೆ ಕಣ್ಣಿಗೆ ಕಾಣದ ಗೆರೆಯೂ ಕಾಗದದ ಮೇಲೆ ಏಳುತ್ತದೆ. ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ. ಒಂದೇ ಅಕ್ಷರಗಳ ಎರಡು ಮುದ್ರೆ ಎತ್ತರದಲ್ಲಿ ಅರ್ಧ ಮಿಲಿಮೀಟರ್ ಬೇರೆಯಾದರೂ ಅವು ಬೇರೆ ಅಚ್ಚು.

ತಲೆಕೆಳಗು ಓದುವುದು ಸಾಮಾನ್ಯ ತಪ್ಪು. ಇಂಗ್ಲಿಷಿನ ಡಬ್ಲ್ಯೂ ಮಗುಚಿದರೆ ಎಮ್, 6 ಮಗುಚಿದರೆ 9, ಎನ್ ಅಡ್ಡವಾದರೆ ಝಡ್. ಹತ್ತಿರದಲ್ಲಿ ‘ಸ್ಟರ್ಲಿಂಗ್’ ಇದ್ದರೆ ಅದರ ದಿಕ್ಕನ್ನು ಗಮನಿಸಿ, ಆದರೆ ಪೂರ್ತಿ ನಂಬಬೇಡಿ. ಎರಡೂ ಬೇರೆ ಬೇರೆ ಏಟು, ಬೇರೆ ದಿಕ್ಕಿಗೂ ಇರಬಹುದು.

ಮುಂದಿನದು ಹೊಡೆದ ಬಗೆ. ಉಕ್ಕಿನ ಅಚ್ಚಿನ ಏಟಿಗೆ ಇಳಿಜಾರು ಗೋಡೆಗಳಿರುತ್ತವೆ, ಅಂಚಿನಲ್ಲಿ ತಳ್ಳಿದ ಲೋಹವಿರುತ್ತದೆ. ಒಂದೊಂದೇ ಅಕ್ಷರದ ಅಚ್ಚಿನಿಂದ ಹೊಡೆದಿದ್ದರೆ ಅಂತರ, ಆಳ ಏರುಪೇರು. ಕರೆಂಟಿನ ಕೆತ್ತುವ ಪೆನ್ನಿನಿಂದ ಬರೆದ ಸಹಿಯಲ್ಲಿ ಗೆರೆ ಚುಕ್ಕಿ ಚುಕ್ಕಿಯಾಗಿ ನಡುಗಿರುತ್ತದೆ. ಹಲವರು ಹೀಗೂ ಸಹಿ ಹಾಕುತ್ತಾರೆ. ಲೇಸರ್ ಗುರುತು ಎಲ್ಲೆಡೆ ಒಂದೇ ಆಳ, ಒಂದೇ ಕಪ್ಪು, ಅಂಚಿನಲ್ಲಿ ಉಬ್ಬಿಲ್ಲ. 1950ರ ಒಡವೆಯಲ್ಲಿ ಅದಕ್ಕೆ ಜಾಗವಿಲ್ಲ. ಅಕ್ಷರಗಳೇ ಎರಕದಲ್ಲಿ ಬಂದು ಮೊಂಡಾಗಿದ್ದರೆ ಇಡೀ ಒಡವೆಯೇ ನಕಲಿನ ನಕಲು.

ಮುದ್ರೆಯ ತಳವನ್ನು ಲೂಪಿನಲ್ಲಿ ಬಿಡುವಾಗಿ ನೋಡಿ. ಕಡಗದ ಒಳಮೈ ವರ್ಷಗಟ್ಟಲೆ ಮೈಗೆ ತಾಗಿ ನುಣುಪಾಗಿ, ನೂರಾರು ಸಣ್ಣ ಗೀರು ಪಡೆದಿರುತ್ತದೆ. ಆ ಗೀರುಗಳು ಮುದ್ರೆಯ ಅಂಚಿಗೆ ಬಂದು ಅಂಚನ್ನು ಸವೆಸಿದ್ದರೆ ಮುದ್ರೆ ಮೊದಲಿನಿಂದಲೂ ಇದ್ದದ್ದು. ಗೀರು ಮುದ್ರೆಯೊಳಗೆ ಇಳಿದು ಚಪ್ಪಟೆಯಾಗಿ ನಿಂತಿದ್ದರೆ, ತಳ ಬೆಳ್ಳಗೆ ಹೊಳೆಯುತ್ತಿದ್ದರೆ, ಅಂಚು ಬೆರಳಿಗೆ ಚುರುಕಾಗಿ ತಾಗಿದರೆ ಅದು ಈಚೆಗೆ ಹೊಡೆದದ್ದು. ಬೆಲೆ ಏರಿಸಲು ಹಳೆಯ ಅನಾಮಧೇಯ ಕಡಗಕ್ಕೆ ಪ್ರಸಿದ್ಧರ ಮುದ್ರೆ ಹೊಡೆಯುವುದು ನಿಜಕ್ಕೂ ನಡೆಯುತ್ತದೆ. ಇದೊಂದು ನೋಟವನ್ನು ರೂಢಿ ಮಾಡಿಕೊಂಡವರು ಸುಲಭಕ್ಕೆ ಮೋಸಹೋಗುವುದಿಲ್ಲ.

ಹೆಜ್ಜೆ 4: ಆ ಅಕ್ಷರಗಳು ಯಾರವು?

ಹಿಂಬದಿಯ ಎಲ್ಲ ಅಕ್ಷರಗಳೂ ಮಾಡಿದವರದ್ದಲ್ಲ. ನವಾಹೊ ಕುಟುಂಬಗಳು ಟ್ರೇಡಿಂಗ್ ಪೋಸ್ಟ್‌ಗಳಲ್ಲಿ, ಅಂದರೆ ಆ ನಾಡಿನ ವ್ಯಾಪಾರದ ಅಂಗಡಿಗಳಲ್ಲಿ ಒಡವೆ ಗಿರವಿ ಇಡುವ ಪದ್ಧತಿ ಬಹಳ ಕಾಲ ಇತ್ತು. ತಮ್ಮದೆಂದು ಗುರುತಿಸಲು ಮಾಲೀಕರು ಹೆಸರನ್ನೋ ಇನಿಷಿಯಲ್ಲನ್ನೋ ಮೊಳೆಯಿಂದ ಗೀಚುತ್ತಿದ್ದರು. ಅಂಗಡಿಯವರ ಅಂಕಿಯೂ ಇರಬಹುದು. ಅಚ್ಚಾಗಿರದೆ ಗೀಚಿದ್ದಾದರೆ ಮೊದಲು ಮಾಲೀಕರದ್ದೆಂದೇ ಎಣಿಸಿ. ‘ಓಲ್ಡ್ ಪಾನ್’, ಅಂದರೆ ಹಳೆಯ ಗಿರವಿ ಮಾಲು ಎಂಬ ಚೀಟಿ ಕಟ್ಟಿರುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಚೀಟಿ ಸುಲಭಕ್ಕೆ ಸಿಗುವ ವಸ್ತು.

ಸಂಸ್ಥೆಗಳ ಮುದ್ರೆ ಬೇರೆ. 1935ರಲ್ಲಿ ಸ್ಥಾಪನೆಯಾದ ಅಮೆರಿಕ ಸರ್ಕಾರದ ಇಂಡಿಯನ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಬೋರ್ಡ್ (ಇಲ್ಲಿ ‘ಇಂಡಿಯನ್’ ಎಂದರೆ ಅಮೆರಿಕದ ಮೂಲನಿವಾಸಿ), 1938ರಿಂದ ಪರಿಶೀಲಿಸಿದ ಒಡವೆಗಳಿಗೆ ‘ಯು.ಎಸ್. ನವಾಹೊ’ ಎಂಬ ಮುದ್ರೆ ಮತ್ತು ಒಂದು ಅಂಕಿ ಹೊಡೆಸಿತು. ಷರತ್ತು ಬಿಗಿಯಾಗಿದ್ದವು: ಬೆಳ್ಳಿ ಕನಿಷ್ಠ 90%, ಗಟ್ಟಿಯಿಂದ ಕೈಯಲ್ಲೇ ಬಡಿದದ್ದು, ತಗಡು ಕೂಡದು, ಟರ್ಕಾಯ್ಸ್ ಅಸಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ಯೋಜನೆ ನಿಂತುಹೋಯಿತು, ಹಾಗಾಗಿ ಈ ಮುದ್ರೆಯ ಒಡವೆಗಳು ಕಡಿಮೆ. ಅಂಕಿಯನ್ನು ಕೆಲಸಗಾರನ ಸಂಖ್ಯೆ ಎಂದು ಹಲವರು ತಪ್ಪು ತಿಳಿಯುತ್ತಾರೆ. ಅದು ಒಡವೆಯನ್ನು ಒದಗಿಸಿದ ವ್ಯಾಪಾರಿ ಅಥವಾ ಸಂಸ್ಥೆಯ ಸಂಖ್ಯೆ. ಪರೀಕ್ಷೆಯೂ ಇಲ್ಲೇ ಇದೆ: ‘ಯು.ಎಸ್. ನವಾಹೊ’ ಎಂದಿದ್ದು ಮೈಯೆಲ್ಲ ಸಮದಪ್ಪದ ತಗಡಾಗಿದ್ದರೆ ಮುದ್ರೆಗೂ ಒಡವೆಗೂ ಹೊಂದಿಕೆಯಿಲ್ಲ.

1931ರಲ್ಲಿ ಆರಂಭವಾದ ಯುನೈಟೆಡ್ ಇಂಡಿಯನ್ ಟ್ರೇಡರ್ಸ್ ಅಸೋಸಿಯೇಶನ್ ಯುದ್ಧದ ನಂತರ ‘ಯು.ಐ.ಟಿ.ಎ.’ ಎಂಬ ಮುದ್ರೆಯನ್ನು ಬಳಸಿತು. ಅಲ್ಲೂ ಅಂಕಿ ವ್ಯಾಪಾರಿಯದೇ. 1941ರ ನವಾಹೊ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಗಿಲ್ಡ್‌ನ ಗುರುತು ಕೊಂಬಿನ ಚಂದ್ರ ಮತ್ತು ‘ನವಾಹೊ’ ಎಂಬ ಪದ. ಪ್ರವಾಸಿಗರಿಗೆಂದು ಯಂತ್ರದ ನೆರವಿನಿಂದ ಅಗ್ಗದ ಒಡವೆ ಮಾಡುತ್ತಿದ್ದ ಆಲ್ಬುಕರ್ಕಿಯ ಬೆಲ್ ಟ್ರೇಡಿಂಗ್‌ನಂಥ ಕಂಪನಿಗಳಿಗೆ ತಮ್ಮದೇ ಗುರುತುಗಳಿದ್ದವು, ಬೆಲ್‌ನದು ಗಂಟೆ. ಅವೂ ಈಗ ಸಂಗ್ರಾಹಕರ ವಸ್ತುವೇ, ಆದರೆ ಬೇರೆ ಬೆಲೆಯವು.

ಒಬ್ಬೊಬ್ಬ ಕೆಲಸಗಾರನೂ ತನ್ನ ಇನಿಷಿಯಲ್ ಹೊಡೆಯುವುದು ಸಾಮಾನ್ಯವಾದದ್ದು ಬಹಳ ತಡವಾಗಿ, ಮುಖ್ಯವಾಗಿ 1960-70ರ ದಶಕಗಳಲ್ಲಿ. ಅದಕ್ಕೆ ಮುಂಚಿನ ಒಡವೆ ಮುದ್ರೆಯಿಲ್ಲದಿರುವುದೇ ನಿಯಮ. ನವಾಹೊಗಳಲ್ಲಿ ಲೋಹಕೆಲಸ ಕಲಿತ ಮೊದಲಿಗನೆಂದು ಹೆಸರಾದ ಅಟ್ಸಿಡಿ ಸಾನಿ ಮೆಕ್ಸಿಕನ್ ಕಮ್ಮಾರನಿಂದ ಕಬ್ಬಿಣದ ಕೆಲಸ ಕಲಿತದ್ದು 19ನೇ ಶತಮಾನದ ನಡುಭಾಗದಲ್ಲಿ. 1864ರಲ್ಲಿ ಅಮೆರಿಕದ ಸೈನ್ಯದವರು ಈ ಜನರನ್ನು ಬಲವಂತವಾಗಿ ನ್ಯೂ ಮೆಕ್ಸಿಕೊದ ಬಾಸ್ಕ್ ರೆಡೊಂಡೊ ಎಂಬಲ್ಲಿಗೆ ನಡೆಸಿಕೊಂಡು ಹೋಗಿ ಬಂಧಿಸಿದರು. 1868ರ ಒಪ್ಪಂದದ ಮೇಲೆ ಊರಿಗೆ ಮರಳಿದ ನಂತರವೇ ಬೆಳ್ಳಿ ಕೆಲಸ ಹಬ್ಬಿದ್ದು. ಬೆಳ್ಳಿಯಲ್ಲಿ ಟರ್ಕಾಯ್ಸ್ ಕೂರಿಸಿದ್ದು 1880ರ ಆಸುಪಾಸಿಗೆ. ಆ ಪೀಳಿಗೆಯವರ ಒಡವೆಯಲ್ಲಿ ಹೆಸರಿನ ಅಚ್ಚು ಹುಡುಕುವುದು ವ್ಯರ್ಥ.

ಇನಿಷಿಯಲ್ ಸಿಕ್ಕರೂ ಕೆಲಸ ಮುಗಿಯುವುದಿಲ್ಲ. ಬಿಗೇ, ಯಾಜಿ, ಸೋಸಿ, ಚೀ ನವಾಹೊಗಳಲ್ಲಿ ತೀರಾ ಸಾಮಾನ್ಯ ಮನೆತನದ ಹೆಸರುಗಳು. ಜೆ.ಬಿ., ಆರ್.ವೈ. ಎಂಬ ಇನಿಷಿಯಲ್‌ಗೆ ಹತ್ತಾರು ವಾರಸುದಾರರು ಸಿಗುತ್ತಾರೆ. ಗಂಡ ಬೆಳ್ಳಿ ಕೆಲಸ, ಹೆಂಡತಿ ಕಲ್ಲಿನ ಕೆಲಸ ಮಾಡಿ ಒಂದೇ ಅಚ್ಚು ಹೊಡೆಯುವುದುಂಟು. ತಂದೆಯ ಅಚ್ಚನ್ನು ಮಕ್ಕಳು ಮುಂದುವರಿಸುವುದುಂಟು. ಒಬ್ಬರೇ ನಾಲ್ಕಾರು ಅಚ್ಚು ಬದಲಿಸುವುದೂ ಉಂಟು.

ಹೆಜ್ಜೆ 5: ವೃತ್ತಿಜೀವನವನ್ನು ಮುದ್ರೆಯ ಪಕ್ಕ ಇಡುವುದು

ನವಾಹೊ ಬೆಳ್ಳಿ ಕೆಲಸಗಾರ ಕೆನೆತ್ ಬಿಗೇ ಅವರ ಬದುಕು ಇದಕ್ಕೆ ಒಳ್ಳೆಯ ನಿದರ್ಶನ. ಹುಟ್ಟಿದ್ದು 1913ರಲ್ಲಿ, ಅರಿಜೋನಾದ ಸ್ಟೀಮ್‌ಬೋಟ್ ಬಳಿ, ತೀರಿಕೊಂಡದ್ದು 1977ರಲ್ಲಿ. ಕಲಿತದ್ದು ಗ್ಯಾಲಪ್ ಸಮೀಪದ ಫೋರ್ಟ್ ವಿಂಗೇಟ್ ಶಾಲೆಯಲ್ಲಿ, ಫ್ರೆಡ್ ಪೆಶ್ಲಾಕಾಯ್ ಅವರ ಕೈಕೆಳಗೆ. ಪೆಶ್ಲಾಕಾಯ್ ಮೊದಲ ಪೀಳಿಗೆಯ ಬೆಳ್ಳಿ ಕೆಲಸಗಾರರ ಮನೆತನದವರು, ಆಮೇಲೆ ಲಾಸ್ ಏಂಜಲೀಸ್‌ನ ಒಲ್ವೆರಾ ಬೀದಿಯಲ್ಲಿ ಅಂಗಡಿ ನಡೆಸಿದವರು. 1940ರ ದಶಕದಲ್ಲಿ ಬಿಗೇ ಫ್ಲಾಗ್‌ಸ್ಟಾಫ್‌ನ ವೈಟ್ ಹೋಗನ್ ಕಾರ್ಖಾನೆ ಸೇರಿದರು; ಆ ಅಂಗಡಿ ಮುಂದೆ ಸ್ಕಾಟ್ಸ್‌ಡೇಲ್‌ಗೆ ಬಂತು. ಅಲ್ಲಿ ಅಲನ್ ಕೀ ಮೊದಲಾದ ಬಂಧುಗಳ ಜೊತೆ ಕೆಲಸ ಮಾಡಿದರು. ಕೊನೆಗೆ ಈಗಿನ ಡಿನೆ ಕಾಲೇಜಿನ ಪೂರ್ವರೂಪವಾದ ನವಾಹೊ ಕಮ್ಯುನಿಟಿ ಕಾಲೇಜಿನಲ್ಲಿ ಕಲಿಸಿದರು. ಆಧುನಿಕ ನವಾಹೊ ಒಡವೆಯ ಪಿತಾಮಹ ಎಂಬ ಮನ್ನಣೆ ಅವರಿಗಿದೆ. ಸುಮ್ಮನೆ ಬಂದದ್ದಲ್ಲ ಅದು: ದಪ್ಪ ಬೆಳ್ಳಿ, ಅಲಂಕಾರ ತುಂಬದ ನುಣುಪು ಮೈ, ಅದರ ನಡುವೆ ಧೈರ್ಯವಾಗಿ ಇಳಿದ ಆಳದ ಗೆರೆಗಳು, ಕಲ್ಲಿನ ಬದಲು ಐರನ್‌ವುಡ್ ಎಂಬ ಗಟ್ಟಿ ಮರ ಕೂರಿಸುವ ಕಸುಬು. ಅವರ ಚಮಚಗಳನ್ನು ನೋಡಿದರೂ ಆ ಸಂಯಮ ಕಾಣುತ್ತದೆ.

ಈಗ ಕೆ.ಬಿ. ಎಂಬ ಮುದ್ರೆಯ ಕಡಗ ಸಿಕ್ಕಿದೆ ಎನ್ನಿ. ಕೇಳಬೇಕಾದ್ದು ಇಷ್ಟು. ಪಕ್ಕದಲ್ಲಿ ಹೋಗನ್, ಅಂದರೆ ನವಾಹೊ ಸಾಂಪ್ರದಾಯಿಕ ಮನೆಯ ಚಿತ್ರವಿದೆಯೇ? ಅದು ಕಾರ್ಖಾನೆಯ ಗುರುತು. ಮನೆಯ ಚಿತ್ರವೊಂದೇ ಇದ್ದರೆ ವೈಟ್ ಹೋಗನ್‌ನ ಯಾರೇ ಮಾಡಿರಬಹುದು. ಅದರ ಜೊತೆಗಿನ ಅಕ್ಷರ ಮಾಡಿದ ಕೈ ಯಾವುದೆಂದು ತಿಳಿಸುತ್ತದೆ. ಮನೆಯಿಲ್ಲದೆ ಕೆ.ಬಿ. ಮಾತ್ರ ಇದ್ದರೆ ಬೇರೊಬ್ಬ ಬಿಗೇ ಅವರದೂ ಆಗಬಹುದು. ಲೋಹ ಸ್ಟರ್ಲಿಂಗ್ ಇರಬೇಕು, ಏಕೆಂದರೆ ಆ ಕಾಲದ ಕಾರ್ಖಾನೆಯಲ್ಲಿ ಅದೇ ಬಳಕೆ. ಗೆರೆಗಳ ತಳದಲ್ಲಿ ಉಳಿ, ಅರದ ಗುರುತು ಇರಬೇಕು, ಪ್ರೆಸ್ಸಿನ ನುಣುಪಲ್ಲ. ತೆಳುವಾದ ಕಡಗ, ಬಾಣ-ಗುಡುಗುಹಕ್ಕಿಗಳ ಅಚ್ಚು ತುಂಬಿದ ಪ್ರವಾಸಿ ವಿನ್ಯಾಸ, ಮೇಲೆ ಕೆ.ಬಿ. ಎಂದಿದ್ದರೆ ಮುದ್ರೆ ಎಷ್ಟೇ ಚೊಕ್ಕಟವಾಗಿರಲಿ, ಆ ಹೆಸರು ಬರೆಯಬೇಡಿ. ಹೋಲಿಕೆಗೆ ಫೀನಿಕ್ಸ್‌ನ ಹರ್ಡ್ ಮ್ಯೂಸಿಯಂ, ಸಾಂಟಾ ಫೆಯ ವೀಲ್‌ರೈಟ್ ಮ್ಯೂಸಿಯಂಗಳ ಸಂಗ್ರಹದಲ್ಲಿರುವ ಒಡವೆಗಳನ್ನು ನೋಡಿ. ಮಾರಾಟದ ಜಾಹೀರಾತಿನ ಫೋಟೊಗಳ ಜೊತೆ ಹೋಲಿಸಿದರೆ ಒಬ್ಬರ ತಪ್ಪು ಇನ್ನೊಬ್ಬರ ಆಧಾರವಾಗುತ್ತ ಹೋಗುತ್ತದೆ.

ಅಕ್ಷರದ ಆಕಾರವಷ್ಟೇ ಹೊಂದಿದರೆ ಸಾಲದು. ಉಕ್ಕಿನ ಅಚ್ಚಿನಲ್ಲಿ ಒಂದು ಕಚ್ಚು, ಒಂದು ಮುರಿದ ಮೂಲೆ ಇದ್ದರೆ ಅದು ಪ್ರತಿ ಏಟಿನಲ್ಲೂ ಅದೇ ಜಾಗದಲ್ಲಿ ಮೂಡುತ್ತದೆ. ಖಚಿತವಾದ ಒಡವೆಯಲ್ಲೂ ನಿಮ್ಮದರಲ್ಲೂ ಆ ಕಚ್ಚು ಒಂದೇ ಕಡೆ ಕಂಡರೆ ಬಲವಾದ ಆಧಾರ ಸಿಕ್ಕಿತು.

ಹೊರದೇಶದ ನಕಲು

ಬೇರೆ ದೇಶಗಳಲ್ಲಿ ಅಗ್ಗವಾಗಿ ಮಾಡಿಸಿ ನವಾಹೊ ಎಂದು ಮಾರುವುದು ಸಣ್ಣ ಪಿಡುಗಲ್ಲ. ತಲೆಮಾರುಗಳಿಂದ ಇದನ್ನೇ ನಂಬಿ ಬದುಕುವ ಕುಟುಂಬಗಳ ಅನ್ನಕ್ಕೆ ಅದು ಕೈಹಾಕುತ್ತದೆ. 2015ರಲ್ಲಿ ನ್ಯೂ ಮೆಕ್ಸಿಕೊದ ಅಂಗಡಿಗಳ ಮೇಲೆ ಫೆಡರಲ್ ದಾಳಿ ನಡೆದು ಫಿಲಿಪ್ಪೀನ್ಸ್‌ನಲ್ಲಿ ಮಾಡಿಸಿದ ಒಡವೆಗಳ ಜಾಲ ಬಯಲಾಯಿತು, 2018ರಲ್ಲಿ ಜೈಲು ಶಿಕ್ಷೆಯೂ ಆಯಿತು. ಆಧಾರ 1990ರ ಇಂಡಿಯನ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಕಾನೂನು: ಮೂಲನಿವಾಸಿಗಳು ಮಾಡದ್ದನ್ನು ಅವರದೆಂದು ಮಾರಿದ ವ್ಯಕ್ತಿಗೆ ಮೊದಲ ಅಪರಾಧಕ್ಕೇ 2,50,000 ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಸೆರೆ.

ಈ ಶೈಲಿಯ ಆಮದು ಒಡವೆಯ ಮೇಲೆ ತಯಾರಾದ ದೇಶದ ಹೆಸರನ್ನು ಅಳಿಸಲಾಗದಂತೆ ಕೆತ್ತಬೇಕೆಂದು ಅಮೆರಿಕದ ಕಸ್ಟಮ್ಸ್ ನಿಯಮವಿದೆ. ಹಾಗಾಗಿ ಹಿಂಬದಿಯಲ್ಲಿ ಒಂದೇ ಕಡೆ ಅರದಿಂದ ತೀಡಿ ತಗ್ಗಾದ ಜಾಗ, ಅಲ್ಲಿ ಮಾತ್ರ ಬೇರೆ ಹೊಳಪು ಕಂಡರೆ ಏನನ್ನೋ ಅಳಿಸಿದ್ದಾರೆ. ಸೈಜು ಬದಲಿಸಿದ ಉಂಗುರದಲ್ಲೂ ಅಂಥ ಗುರುತು ಬರುತ್ತದೆ. ಅಲ್ಲಿ ಬೆಸುಗೆಯ ಗೆರೆ ಬಳೆಯನ್ನು ಅಡ್ಡ ದಾಟಿರುತ್ತದೆ, ಅಳಿಸಿದ ಕಡೆ ದಾಟಿರುವುದಿಲ್ಲ.

ಬರೆದಿಡುವುದು, ಬರೆಸಿಕೊಳ್ಳುವುದು

ಪ್ರತಿ ಒಡವೆಗೂ ಒಂದು ಹಾಳೆ ಇಡಿ. ಗ್ರಾಂ ತೂಕ, ಕಡಗವಾದರೆ ಒಳಸುತ್ತು ಮತ್ತು ಬಾಯಿಯ ಅಂತರ ಬೇರೆ ಬೇರೆಯಾಗಿ, ಮೂರು ಕಡೆಯ ದಪ್ಪ, ಮುದ್ರೆಯ ಎತ್ತರ, ಜಾಗ, ಹೊಡೆದ ಬಗೆ, ಪೆನ್ಸಿಲ್ ಪಡಿಯಚ್ಚು, ಲೋಹದ ಪರೀಕ್ಷೆಯ ಅಂಕಿ. ಹೆಸರಿನ ಮುಂದೆ ಖಚಿತ, ಬಹುಮಟ್ಟಿಗೆ, ಬರೀ ಊಹೆ ಈ ಮೂರರಲ್ಲಿ ಒಂದನ್ನು ಕಡ್ಡಾಯವಾಗಿ ಬರೆಯಿರಿ. ಮುದ್ರೆಯಷ್ಟೇ ಹೊಂದಿದರೆ ಅದು ಊಹೆ. ಮುದ್ರೆ, ಲೋಹ, ಕೆಲಸದ ಕೈ ಮೂರೂ ಹೊಂದಿದರೆ ಬಹುಮಟ್ಟಿಗೆ. ಅದರ ಮೇಲೆ ಅಚ್ಚಿನ ಕಚ್ಚು ತಾಳೆಯಾದರೆ ಅಥವಾ ಮೊದಲ ಖರೀದಿಯ ರಸೀದಿ ಇದ್ದರೆ ಮಾತ್ರ ಖಚಿತ.

ಹೊಸದಾಗಿ ಕೊಳ್ಳುವಾಗ ಈ ತಲೆನೋವೇ ಬೇಡ. ರಸೀದಿಯಲ್ಲಿ ಐದು ಸಂಗತಿ ಬರೆಸಿಕೊಳ್ಳಿ: ಮಾಡಿದವರ ಪೂರ್ತಿ ಹೆಸರು, ಅವರ ಬುಡಕಟ್ಟು, ಬೆಳ್ಳಿಯ ಶುದ್ಧತೆ, ಕಲ್ಲಿನ ಹೆಸರು, ಕಲ್ಲು ಸಹಜವೋ ರಾಳ ತುಂಬಿ ಗಟ್ಟಿ ಮಾಡಿದ್ದೋ ಪುಡಿಯಿಂದ ಕಟ್ಟಿದ್ದೋ ಎಂಬುದು. ‘ನವಾಹೊ ಶೈಲಿ’ ಎಂದು ಬರೆದು ಕೊಟ್ಟರೆ ನವಾಹೊ ಕೈ ಮಾಡಿದ್ದೆಂದು ಅವರು ಹೇಳಿಲ್ಲ. ಮಾಡಿದವರೇ ಮೇಜಿನ ಹಿಂದೆ ಕೂತಿದ್ದರೆ ಅವರ ಅಚ್ಚನ್ನು ಅದೇ ರಸೀದಿಯ ಮೇಲೆ ಒತ್ತಿ ಕೊಡಲು ವಿನಯದಿಂದ ಕೇಳಿ, ಪಕ್ಕದಲ್ಲಿ ತಾರೀಖು ಬರೆಯಿರಿ.